ಅಪ್‌ಡೇಟ್: ಬ್ಯಾಕ್‌ಫ್ಲಿಪ್ ಗಟ್ಟಿ ನೆಲದ ಮೇಲೂ ಬಂತು

ರಾಗಿ ಹುಲ್ಲಿನ ಮೆದೆಯ ಮೇಲೆ ಸಲೀಸಾಗಿ ಬರುವ ಬ್ಯಾಕ್‌ಫ್ಲಿಪ್ (ಹಿಂದಕ್ಕೆ ಹಾಕುವ ಪಲ್ಟಿ), ಗಟ್ಟಿ ನೆಲದಲ್ಲಿ ಎಡಕ್ಕೆ ವಾಲಿ ಮಂಡಿ ತರಚುವುದೇಕೆ ಎಂದು ಎರಡು ತಿಂಗಳ ಹಿಂದೆ ಇಲ್ಲಿ ನಿಮ್ಮನ್ನು ಕೇಳಿದ್ದೆ.

ತಮ್ಮನ ಕೈಗೆ ಮೊಬೈಲ್ ಕೊಟ್ಟು ನಿಧಾನಗತಿಯಲ್ಲಿ ಚಿತ್ರೀಕರಿಸಿದೆ. ನೀವು ಹೇಳಿದ್ದೇ ನಿಜ. ಪಾದ ನೆಲ ಬಿಡುವ ಮೊದಲೇ ತಲೆಯನ್ನು ಹಿಂದಕ್ಕೆ ಎಸೆಯುತ್ತಿದ್ದೆ, ಅದೂ ಎಡ ಭುಜದ ಮೇಲಿಂದ ನೆಲವನ್ನು ಹುಡುಕುತ್ತಾ! ಎತ್ತರವೇ ಸಿಗುತ್ತಿರಲಿಲ್ಲ. ಹುಲ್ಲು ಆ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು, ಅಷ್ಟೆ.

ಮೂರು ವಾರ ಪಲ್ಟಿಯನ್ನೇ ಬಿಟ್ಟೆ. ಎದುರಿನ ಹುಣಸೆ ಕೊಂಬೆಯ ಮೇಲೆ ಕಣ್ಣಿಟ್ಟು, ಕೈಗಳನ್ನು ಕಿವಿಯ ಪಕ್ಕಕ್ಕೆ ಬೀಸಿ, ನೇರ ಮೇಲಕ್ಕೆ ಜಿಗಿಯುವುದಷ್ಟೇ ಕೆಲಸ. ಆಮೇಲೆ ಜಿಗಿತದ ತುದಿಯಲ್ಲಿ ಮಂಡಿಗಳನ್ನು ಎದೆಗೆ ಸೆಳೆದುಕೊಂಡೆ. ಮೈ ಮುದುಡಿದಷ್ಟೂ ಸುತ್ತು ಚುರುಕಾಗುತ್ತದೆ. 'ಮೆದೆ ಕೆಡಿಸಿದರೆ ಹಸುವಿಗೆ ನಿನ್ನನ್ನೇ ಮೇವು ಹಾಕುತ್ತೇನೆ' ಎಂದು ಅಜ್ಜಿ ಬೈದದ್ದು ಬೇರೆ.

ಕಳೆದ ಭಾನುವಾರ ಕೋಲಾರದ ಮೈದಾನವೊಂದರ ಉದ್ದ ಜಿಗಿತದ ಮರಳಿನಲ್ಲಿ, ಗೆಳೆಯರಿಬ್ಬರು ಸೊಂಟಕ್ಕೆ ಕೈ ಕೊಟ್ಟಾಗ ಹತ್ತು ಸಲ ಹಾಕಿದೆ. ಬಳಿಕ ಗಟ್ಟಿ ನೆಲದಲ್ಲಿ ಒಬ್ಬನೇ ಎರಡು. ಎರಡೂ ಸಲ ಪಾದದ ಮೇಲೇ ಇಳಿದೆ.

ಗಿರಕಿ ಸೇರಿಸಿ 'ಬ್ಯಾಕ್ ಫುಲ್' ಹಾಕು ಎಂದವರಿಗೆ ನಮಸ್ಕಾರ. ಮೊದಲು ಮೈ ನೀಳವಾಗಿಟ್ಟು ಸುತ್ತುವ ಲೇಔಟ್ ಬರಲಿ. ಒಂಟಿ ಕಾಲಿನಲ್ಲಿ ಚಿಮ್ಮಿ, ಹಿಂದಕ್ಕೆ ಸುತ್ತುತ್ತಲೇ ಮುಂದಕ್ಕೆ ಸಾಗುವ ಗೇನರ್ ಅನ್ನು ಮಾತ್ರ ತಡೆಯಲಾರದೆ ನಿನ್ನೆ ಯತ್ನಿಸಿದೆ. ಮೆದೆಯ ಮೇಲೆಯೇ, ಅಜ್ಜಿ ಸಂತೆಗೆ ಹೋಗಿದ್ದಾಗ.