ಗೇಮಿನ ಮ್ಯಾಪಿನಲ್ಲಿ ಅಂಗಡಿ: ದುಡ್ಡು ಯಾವುದಕ್ಕೆ ಕೇಳಬೇಕು?

ಪ್ರಶ್ನೆ: ಸರ್, ನಾವಿಬ್ಬರು ಸ್ನೇಹಿತರು ಸೇರಿ ಒಂದು ಮೊಬೈಲ್ ಗೇಮ್ ಮಾಡಿದ್ದೇವೆ. ಓಡಾಡುತ್ತಾ ಆಡುವ ಆಟ. ಮಲ್ಲೇಶ್ವರದ ರಸ್ತೆಗಳೇ ಅದರ ಮ್ಯಾಪ್. ಸಂಪಿಗೆ ರಸ್ತೆಯ ಒಂದು ದರ್ಶಿನಿಯವರು, ನಮ್ಮ ಹೋಟೆಲನ್ನೂ ಅದರಲ್ಲಿ ತೋರಿಸಿ, ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ ಅಂತಿದ್ದಾರೆ. ಒಪ್ಪಬಹುದಾ?

ಉತ್ತರ: ಖಂಡಿತ ಒಪ್ಪಿ. ಆದರೆ ತಿಂಗಳ ಬಾಡಿಗೆ ಬೇಡ, ಬಂದವರ ಲೆಕ್ಕದಲ್ಲಿ ತಗೊಳ್ಳಿ. ಹೀಗೇ ಓಡಾಡುತ್ತಾ ಆಡುವ ಪೋಕೆಮಾನ್ ಗೋ ಆಟ ನೋಡಿ. 2016ರ ಜುಲೈನಲ್ಲಿ ಜಪಾನಿನ ಸುಮಾರು 3,000 ಮೆಕ್‌ಡೊನಾಲ್ಡ್ಸ್ ಮಳಿಗೆಗಳು ಆಟದ ತಾಣಗಳಾದವು. ಅದೇ ಡಿಸೆಂಬರಿನಲ್ಲಿ ಜಿಯೋ ಜೊತೆ ಸೇರಿ ನಮ್ಮಲ್ಲಿಗೂ ಬಂತು. ಅದನ್ನು ಮಾಡಿದ ನಿಯಾಂಟಿಕ್ ಪ್ರಾಯೋಜಕರಿಗೆ ಹಾಕಿದ ಲೆಕ್ಕ, ಒಂದು ಭೇಟಿಗೆ ಇಷ್ಟು ಅಂತ. ಹೋಟೆಲಿನವರಿಗೂ ಬೇಕಾಗಿರುವುದು ಬಾಗಿಲಿಗೆ ಬಂದ ಜನ ತಾನೆ?

ಕಷ್ಟ ಇರುವುದು ಭೇಟಿಯನ್ನು ಎಣಿಸುವುದರಲ್ಲಿ. ಆಂಡ್ರಾಯ್ಡ್‌ನಲ್ಲಿ ಜಿಯೋಫೆನ್ಸ್ (ಫೋನ್ ಒಳಗೆ ಬಂತಾ ಅಂತ ತಿಳಿಯಲು ಮ್ಯಾಪಿನ ಮೇಲೆ ಎಳೆಯುವ ವೃತ್ತ) ಹಾಕುವಾಗ ಕನಿಷ್ಠ 100 ಮೀಟರ್ ತ್ರಿಜ್ಯ ಇಡಿ ಅಂತ ಗೂಗಲ್ಲೇ ಹೇಳುತ್ತದೆ. ಸಂಪಿಗೆ ರಸ್ತೆಯಲ್ಲಿ ಅಷ್ಟರೊಳಗೆ ಎಷ್ಟು ಅಂಗಡಿ! ಬಸ್ಸಿನಲ್ಲಿ ಕೂತು ಹೋದವನೂ ಗಿರಾಕಿ ಆಗಿಬಿಡುತ್ತಾನೆ. ಹಾಗಾಗಿ ಲೊಕೇಶನ್ ಜೊತೆಗೆ ಕೌಂಟರಿನಲ್ಲಿ ಒಂದು ಕ್ಯೂಆರ್ ಕೋಡ್ ಇಡಿಸಿ. ಅದು ದಿನಾ ಬದಲಾಗಲಿ, ಇಲ್ಲದಿದ್ದರೆ ಫೋಟೋ ವಾಟ್ಸಾಪಿನಲ್ಲಿ ಓಡಾಡುತ್ತದೆ. ಒಬ್ಬರಿಗೆ ದಿನಕ್ಕೆ ಒಂದೇ ಭೇಟಿ. ನಕಲಿ ಲೊಕೇಶನ್ ಕೊಡುವ ಆಪ್‌ಗಳಿವೆ, ಭೇಟಿಗೆ ಆಟದಲ್ಲಿ ಕೊಡುವ ಬಹುಮಾನ ಅಂಥ ಫೋನಿಗೆ ಬೇಡ.

ಇನ್ನೊಂದು ಮಾತು. ಬೆಳಗ್ಗೆ ಎಂಟೂವರೆಗೆ ದರ್ಶಿನಿಯಲ್ಲಿ ತಟ್ಟೆ ಇಡಲೂ ಜಾಗ ಇರುವುದಿಲ್ಲ. ಆ ಹೊತ್ತಿನಲ್ಲಿ ಜನ ಕಳಿಸಿದರೆ ಮಾಲೀಕರೇ ಬೈಯುತ್ತಾರೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಬಹುಮಾನ ಇಡಿ, ಆಗಲೇ ಅವರಿಗೆ ಗಿರಾಕಿ ಬೇಕು.

ಪ್ರಶ್ನೆ: ತುಂಬಾ ಉಪಯೋಗ ಆಯ್ತು ಸರ್. ಆದರೆ ನಮ್ಮಲ್ಲಿ ಆಡುವವರು ಶಾಲೆ ಮಕ್ಕಳೇ ಜಾಸ್ತಿ. ತೊಂದರೆ ಆಗುತ್ತಾ?

ಉತ್ತರ: ಇದನ್ನೇ ನೀವು ಮೊದಲು ಹೇಳಬೇಕಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ಡೇಟಾ ಬಳಸಲು ಅಪ್ಪ-ಅಮ್ಮನ ಒಪ್ಪಿಗೆ ಬೇಕು. ಅವರನ್ನು ಟ್ರ್ಯಾಕ್ ಮಾಡುವುದು, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಮಕ್ಕಳ ಖಾತೆಗೆ ಹೋಟೆಲ್ ತೋರಿಸಲೇ ಬೇಡಿ. ದೊಡ್ಡವರದ್ದೂ ಆಟ ತೆರೆದಿರುವಾಗ ಮಾತ್ರ ಲೊಕೇಶನ್ ತಗೊಳ್ಳಿ. ಮಾಲೀಕರಿಗೆ ಎಷ್ಟು ಜನ ಬಂದರು ಅಂತ ಸಂಖ್ಯೆ ಕೊಡಿ, ಯಾರು ಬಂದರು ಅಂತ ಕೊಡಬೇಡಿ. ಈಗಿರುವ ಆಟಗಾರರಲ್ಲಿ 18 ದಾಟಿದವರು ಎಷ್ಟಿದ್ದಾರೆ ನೋಡಿಕೊಂಡು, ಆಮೇಲೆ ದರ್ಶಿನಿಯವರ ಹತ್ತಿರ ರೇಟ್ ಮಾತಾಡಿ.