ವಿಂಡೋಸ್ ಸರ್ವರ್ ಚಾಲೂ ಮಾಡಿದಾಗ ಬರುವ ಅನಗತ್ಯ ಪ್ರಶ್ನೆಗಳನ್ನು ನಿಲ್ಲಿಸುವುದು ಹೇಗೆ?

ಪ್ರಶ್ನೆ (ಬ್ಯಾಡಗಿಯಿಂದ)

ನಮಸ್ಕಾರ. ಇಲ್ಲಿನ ಒಂದು ಮೆಣಸಿನಕಾಯಿ ದಲಾಲಿ ಅಂಗಡಿಯ ಲೆಕ್ಕಪತ್ರಕ್ಕೆ ವಿಂಡೋಸ್ ಸರ್ವರ್ 2019 ಇರುವ ಯಂತ್ರವೊಂದನ್ನು ನಾನು ನೋಡಿಕೊಳ್ಳುತ್ತೇನೆ. ಅದಕ್ಕೆ ಮಾನಿಟರ್ ಆಗಲಿ ಕೀಬೋರ್ಡ್ ಆಗಲಿ ಜೋಡಿಸಿಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಯಂತ್ರವು ಎಫ್1 ಒತ್ತಿರೆಂದು ಕೇಳುತ್ತಾ ಕಪ್ಪು ಪರದೆಯಲ್ಲೇ ನಿಲ್ಲುತ್ತದೆ. ಕೀಬೋರ್ಡ್ ತಂದು ಒತ್ತಿ ಲಾಗಿನ್ ಆದರೆ, ಯಂತ್ರ ಏಕೆ ಹಠಾತ್ತನೆ ಬಂದ್ ಆಯಿತೆಂದು ಕಾರಣ ಕೇಳುವ ಕಿಟಕಿ ಬರುತ್ತದೆ. ಅದರ ಬೆನ್ನಿಗೇ ಸರ್ವರ್ ಮ್ಯಾನೇಜರ್ (ಸರ್ವರ್‌ನ ನಿರ್ವಹಣೆಗೆಂದು ವಿಂಡೋಸ್‌ನಲ್ಲೇ ಇರುವ ಕಿಟಕಿ) ತೆರೆದುಕೊಳ್ಳುತ್ತದೆ. ಟೆಂಡರ್ ದಿನ ಹೀಗಾದರೆ ಗುಮಾಸ್ತರು ಬಿಲ್ ಬರೆಯಲಾಗದೆ ಕೂರಬೇಕಾಗುತ್ತದೆ. ಈ ಮೂರನ್ನೂ ನಿಲ್ಲಿಸಲು ಸಾಧ್ಯವೇ?

ಉತ್ತರ (ಹುಬ್ಬಳ್ಳಿಯಿಂದ)

ಸರ್ವರ್ ಮ್ಯಾನೇಜರ್‌ನದು ಸುಲಭ. ಅದರ ಮೇಲ್ಭಾಗದ ಮ್ಯಾನೇಜ್ ಮೆನುವಿನಲ್ಲಿ ಸರ್ವರ್ ಮ್ಯಾನೇಜರ್ ಪ್ರಾಪರ್ಟೀಸ್ ತೆರೆದು, ಲಾಗಿನ್ ಆದಾಗ ತಾನಾಗಿ ತೆರೆಯಬಾರದೆಂಬ ಚೌಕಕ್ಕೆ ಟಿಕ್ ಹಾಕಿ. ಇದು ಆ ಬಳಕೆದಾರರಿಗೆ ಮಾತ್ರ ಅನ್ವಯಿಸುತ್ತದೆ. ಎಲ್ಲರಿಗೂ ಬೇಕಿದ್ದರೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್, ಸರ್ವರ್ ಮ್ಯಾನೇಜರ್ ಎಂಬ ಫೋಲ್ಡರ್‌ಗಳ ಒಳಗಿರುವ ಸರ್ವರ್ ಮ್ಯಾನೇಜರ್ ಟಾಸ್ಕನ್ನು ಡಿಸೇಬಲ್ ಮಾಡಿ.

ಉತ್ತರ (ಧಾರವಾಡದಿಂದ)

ಈ ಮೂರರಲ್ಲಿ ನಿಮ್ಮ ಕೆಲಸವನ್ನು ನಿಜವಾಗಿ ತಡೆಯುತ್ತಿರುವುದು ಎಫ್1 ಒಂದೇ. ನಿಮ್ಮ ಲೆಕ್ಕಪತ್ರದ ಡೇಟಾಬೇಸ್ ಸರ್ವಿಸ್ ಆಗಿ, ಅಂದರೆ ಹಿನ್ನೆಲೆಯಲ್ಲಿ ತಾನಾಗಿ ಓಡುವ ಪ್ರೋಗ್ರಾಂ ಆಗಿ ನಡೆಯುತ್ತಿದ್ದರೆ ಯಾರೂ ಲಾಗಿನ್ ಆಗದೆಯೂ ಅದು ಶುರುವಾಗುತ್ತದೆ; ಉಳಿದೆರಡು ಕಿಟಕಿಗಳು ಪರೀಕ್ಷಿಸುವುದು ನಿಮ್ಮ ತಾಳ್ಮೆಯನ್ನಷ್ಟೇ. ಎಫ್1 ಸಂದೇಶದ ಮೇಲಿನ ಸಾಲನ್ನು ಓದಿ ನೋಡಿದಿರಾ? ಕೀಬೋರ್ಡ್ ಇಲ್ಲವೆಂಬ ದೂರು ಬೇರೆ, ತಾರೀಖು ಮತ್ತು ಸಮಯ ಸರಿಯಿಲ್ಲವೆಂಬ ದೂರು ಬೇರೆ.

ಪ್ರಶ್ನೆ ಕೇಳಿದವರು

ನೋಡಿದೆ, ಸರ್. ತಾರೀಖಿನ ಸಾಲೇ ಇದೆ. ಕಳೆದ ವಾರ ಕೆಲವು ಬಿಲ್‌ಗಳ ಮೇಲೆ ಹಳೆಯ ವರ್ಷ ಮುದ್ರಣವಾಗಿದ್ದುದೂ ಈಗ ನೆನಪಾಯಿತು.

ಉತ್ತರ (ಧಾರವಾಡದಿಂದ)

ಹಾಗಾದರೆ ಮದರ್‌ಬೋರ್ಡಿನ ಸೀಮಾಸ್ ಬ್ಯಾಟರಿ (ಕರೆಂಟ್ ಇಲ್ಲದಾಗಲೂ ತಾರೀಖು, ಸಮಯ ಉಳಿಸಿಡುವ ಬ್ಯಾಟರಿ) ಮುಗಿದಿರುವ ಸಾಧ್ಯತೆಯೇ ಹೆಚ್ಚು. ಸಾಮಾನ್ಯವಾಗಿ ಅದು ಸಿಆರ್2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್. ಯಂತ್ರವನ್ನು ಬಂದ್ ಮಾಡಿ, ಪವರ್ ಕೇಬಲ್ ಕಿತ್ತು, ಸೆಲ್ ಬದಲಿಸಿ. ಬಳಿಕ ಬಯೋಸ್‌ನಲ್ಲಿ (ವಿಂಡೋಸ್‌ಗೆ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್ ಪರದೆ) ತಾರೀಖು ಸರಿಪಡಿಸಿ, ಬೂಟ್ ಕ್ರಮ ಮತ್ತು ರೇಡ್ (ಹಲವು ಡಿಸ್ಕ್‌ಗಳನ್ನು ಒಟ್ಟಾಗಿ ಬಳಸುವ ವ್ಯವಸ್ಥೆ) ಆಯ್ಕೆ ಮೊದಲಿನಂತಿವೆಯೇ ಎಂದು ಪರಿಶೀಲಿಸಿರಿ. ಕೀಬೋರ್ಡ್ ಇಲ್ಲದ್ದಕ್ಕೂ ನಿಲ್ಲುವುದಾದರೆ ಅಲ್ಲಿಯೇ ಹಾಲ್ಟ್ ಆನ್ ಎಂಬ ಆಯ್ಕೆಯಲ್ಲಿ ಕೀಬೋರ್ಡನ್ನು ಮಾತ್ರ ಕೈಬಿಡಬಹುದು. ಮೆನುವಿನ ಹೆಸರು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತದೆ. ಎಲ್ಲ ದೋಷಗಳನ್ನೂ ಕಡೆಗಣಿಸುವಂತೆ ಮಾತ್ರ ಮಾಡಬೇಡಿರಿ, ಏಕೆಂದರೆ ಫ್ಯಾನ್ ಕೆಟ್ಟರೂ ಆಗ ಯಂತ್ರ ಸುಮ್ಮನೆ ಮುಂದುವರಿಯಬಹುದು.

ಉತ್ತರ (ಗದಗದಿಂದ)

ಕಾರಣ ಕೇಳುವ ಕಿಟಕಿಯ ಹೆಸರು ಶಟ್‌ಡೌನ್ ಈವೆಂಟ್ ಟ್ರ್ಯಾಕರ್. ಜಿಪಿಎಡಿಟ್ (ವಿಂಡೋಸ್‌ನ ಗ್ರೂಪ್ ಪಾಲಿಸಿ ಎಡಿಟರ್) ತೆರೆದು, ಕಂಪ್ಯೂಟರ್ ಕಾನ್ಫಿಗರೇಶನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ಸಿಸ್ಟಂ ಎಂದು ಹೋದರೆ ಅದು ಸಿಗುತ್ತದೆ. ಡಿಸೇಬಲ್ಡ್ ಎಂದು ಆರಿಸಿದರೆ ಸಾಕು. ಹೀಗೆ ಮಾಡಿದರೂ ದಾಖಲೆ ಅಳಿಯುವುದಿಲ್ಲ: ಹಠಾತ್ತನೆ ಬಂದ್ ಆದದ್ದನ್ನು ವಿಂಡೋಸ್ 6008ರ ಸಂಖ್ಯೆಯಡಿ ಬರೆದಿಡುತ್ತಲೇ ಇರುತ್ತದೆ, ಅದನ್ನು ಈವೆಂಟ್ ವ್ಯೂಅರ್‌ನಲ್ಲಿ ನೋಡಬಹುದು. ಆದರೆ ಆ ಕಿಟಕಿ ಪದೇಪದೇ ಬರುತ್ತಿರುವುದೇ ಯಂತ್ರಕ್ಕೆ ಸರಿಯಾದ ಯುಪಿಎಸ್ ಇಲ್ಲವೆಂಬುದಕ್ಕೆ ಸಾಕ್ಷಿ. ಯುಪಿಎಸ್‌ನ ಯುಎಸ್‌ಬಿ ಕೇಬಲನ್ನು ಸರ್ವರ್‌ಗೆ ಜೋಡಿಸಿ, ಬ್ಯಾಟರಿ ಇಳಿದಾಗ ತಾನಾಗಿ ಕ್ರಮವಾಗಿ ಬಂದ್ ಆಗುವಂತೆ ಮೊದಲು ವ್ಯವಸ್ಥೆ ಮಾಡಿರಿ. ಇಲ್ಲದಿದ್ದರೆ ಇಂದು ಕಿಟಕಿ ಹೋದರೂ ನಾಳೆ ಡೇಟಾಬೇಸ್ ಫೈಲೇ ಕೆಡಬಹುದು.