ಸಿಂಪ್ಸನ್ಸ್ ನೋಡುವಾಗ ಮಗಳು "ಇದು ಯಾವುದರ ಅಣಕ?" ಅಂತಾಳೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಕೇಳಿದವರು: ಕಲಬುರಗಿಯ ಒಬ್ಬ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಒಂಬತ್ತನೇ ಕ್ಲಾಸು. ಮೂರು ತಿಂಗಳಿಂದ ರಾತ್ರಿ ಊಟ ಆದ ಮೇಲೆ ನಾವಿಬ್ಬರೂ ಕೂತು 'ದಿ ಸಿಂಪ್ಸನ್ಸ್' ಅನ್ನುವ ಅಮೆರಿಕದ ಕಾರ್ಟೂನ್ ಶೋ ನೋಡುತ್ತಿದ್ದೇವೆ. ದಿನಕ್ಕೆ ಒಂದು ಕಂತು, ಹೆಚ್ಚಾಗಿ ಹಳೆಯವು. ಅವಳಿಗೆ ತುಂಬಾ ಇಷ್ಟ, ನನಗೂ ಈಗ ರೂಢಿಯಾಗಿದೆ. ಕಷ್ಟ ಏನೆಂದರೆ, ಪ್ರತಿ ಕಂತಿನಲ್ಲೂ ಯಾವುದೋ ಸಿನಿಮಾದ್ದೋ ಹಾಡಿನದ್ದೋ ಅಣಕ ಬರುತ್ತದೆ. ಶೋದೊಳಗಿನ ಬೆಕ್ಕು ಇಲಿಯ ಕಾರ್ಟೂನ್ ಇಟ್ಚಿ ಮತ್ತು ಸ್ಕ್ರ್ಯಾಚಿ ಬಂದಾಗ ಮಾತ್ರ ಇಬ್ಬರಿಗೂ ತಕ್ಷಣ ತಿಳಿಯಿತು, ಅದು ಟಾಮ್ ಅಂಡ್ ಜೆರ್ರಿ. ಉಳಿದ ಕಡೆ ಸಂಗೀತ ದಿಢೀರ್ ಬದಲಾಗುತ್ತದೆ, ಯಾರೋ ವಿಚಿತ್ರವಾಗಿ ನಡೆದು ಬರುತ್ತಾರೆ. ಮಗಳು ನನ್ನ ಮುಖ ನೋಡುತ್ತಾಳೆ, "ಅಮ್ಮಾ, ಇದು ಯಾವುದರದ್ದು?"

ನಾನು ಓದಿದ್ದು ಹಳ್ಳಿಯ ಕನ್ನಡ ಶಾಲೆಯಲ್ಲಿ. ನೋಡಿದ ಇಂಗ್ಲಿಷ್ ಸಿನಿಮಾ ಎಣಿಸಿದರೆ ಹತ್ತು ಆಗುವುದಿಲ್ಲ. ಮೊದಲೇ ಓದಿಕೊಂಡು ಕೂರಬೇಕಾ? ನಡುವೆ ನಿಲ್ಲಿಸಿ ಹುಡುಕಿ ಹೇಳಬೇಕಾ? ಇಲ್ಲಾ ಮೂಲ ಸಿನಿಮಾ ಮೊದಲು ತೋರಿಸಬೇಕಾ? ಇನ್ನೊಂದು ವಿಷಯ. ಈ ವರ್ಷ ಶಾಲೆಯ ಗ್ಯಾದರಿಂಗ್‌ನಲ್ಲಿ ಇಂಥದೇ ಒಂದು ಅಣಕು ನಾಟಕ ಮಾಡಬೇಕು ಅಂತ ಅವಳ ಗುಂಪು ಹಟ ಹಿಡಿದಿದೆ. ಅನುಭವ ಇದ್ದವರು ಹೇಳಿ.

ಉತ್ತರ: ಕಲಬುರಗಿ, ಇಬ್ಬರು ಮಕ್ಕಳ ತಾಯಿ

ಅಕ್ಕಾ, ಮೊದಲು ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ. ಈ ಶೋದಲ್ಲಿ ಅರ್ಧ ತಮಾಷೆ ಹಾಡಿನ ಸಾಲಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ ಇರುತ್ತದೆ. ಕಿವಿಗೆ ಸಿಗುವುದಿಲ್ಲ, ಕಣ್ಣಿಗೆ ಸಿಗುತ್ತದೆ. ನನ್ನ ಮಗ ರಫ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ "ಇದು ಏನು?" ಅಂತ ಬರೆದುಕೊಳ್ಳುತ್ತಾನೆ. ಭಾನುವಾರ ಕೂತು ಹುಡುಕುತ್ತೇವೆ. ಅರ್ಧ ಸಿಗುತ್ತದೆ. ಸಿಗದಿದ್ದರೆ ಬಿಡುತ್ತೇವೆ.

ಉತ್ತರ: ಬೀದರ್, ನಿವೃತ್ತ ಇಂಗ್ಲಿಷ್ ಉಪನ್ಯಾಸಕ

ತಂಗೀ, ಈ ವಿಷಯದಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಮೊದಲು ಅದನ್ನೇ ಹೇಳುತ್ತೇನೆ, ನಿಮಗೆ ಉಪಯೋಗ ಆದೀತು.

ಹೋದ ಬೇಸಿಗೆ ರಜೆಗೆ ಮೊಮ್ಮಕ್ಕಳು ಬಂದಿದ್ದರು. 'ಕೇಪ್ ಫಿಯರ್' ಅನ್ನುವ ಕಂತು ಹಾಕಿದರು. 1993ರದ್ದು. ಸೈಡ್‌ಶೋ ಬಾಬ್ ಅನ್ನುವ ಖಳ ಜೈಲಿನಿಂದ ಹೊರಗೆ ಬಂದು ಸಿಂಪ್ಸನ್ ಮನೆಯ ಹುಡುಗ ಬಾರ್ಟ್‌ನ ಬೆನ್ನು ಹತ್ತುವ ಕತೆ. ಅದು 1991ರಲ್ಲಿ ಮಾರ್ಟಿನ್ ಸ್ಕಾರ್ಸೆಸಿ ಮಾಡಿದ ಅದೇ ಹೆಸರಿನ ಸಿನಿಮಾದ ಅಣಕ. ಆ ಸಿನಿಮಾವೂ 1962ರ ಒಂದು ಸಿನಿಮಾವನ್ನು ಮತ್ತೆ ತೆಗೆದದ್ದು. ನನಗೆ ಎರಡೂ ಗೊತ್ತು. ಗೊತ್ತಿದ್ದದ್ದೇ ಕಷ್ಟಕ್ಕೆ ಬಂತು. ನಿಮಿಷಕ್ಕೊಮ್ಮೆ ನಿಲ್ಲಿಸಿ ಹೇಳಿದೆ. ಥಿಯೇಟರಿನಲ್ಲಿ ಸಿಗಾರ್ ಸೇದಿ ಜೋರಾಗಿ ನಗುವ ದೃಶ್ಯ, ಕಾರಿನ ಅಡಿಯಲ್ಲಿ ಕಟ್ಟಿಕೊಂಡು ಬರುವ ದೃಶ್ಯ, ಎದೆ ನಡುಗಿಸುವ ಆ ಸಂಗೀತ, ಎಲ್ಲವನ್ನೂ ಬಿಡಿಸಿ ಹೇಳಿದೆ. ಹತ್ತು ನಿಮಿಷ ಆಗುವಷ್ಟರಲ್ಲಿ ಮೊಮ್ಮಗಳು ಎದ್ದು ಅಡುಗೆಮನೆಗೆ ಹೋದಳು. ಮೊಮ್ಮಗ ಕೂತಿದ್ದ, ಆದರೆ ಪಾಠ ಕೇಳುವ ಹುಡುಗನ ಹಾಗೆ ಕೂತಿದ್ದ.

ಮರುದಿನ ಅವರಿಬ್ಬರೇ ಅದೇ ಕಂತನ್ನು ಮೊದಲಿನಿಂದ ನೋಡಿದರು. ನಾನು ಹೊರಗೆ ಪಡಸಾಲೆಯಲ್ಲಿದ್ದೆ. ಒಳಗಿಂದ ನಗು ನಿಲ್ಲಲೇ ಇಲ್ಲ. ಏನು ಅಂತ ಇಣುಕಿ ನೋಡಿದೆ. ಒಣ ಎಲೆ ಬಾಚುವ ಉದ್ದ ಹಿಡಿಕೆಯ ಸಲಕರಣೆ ಇರುತ್ತದಲ್ಲ, ಬಾಬ್ ಅದರ ಹಲ್ಲಿನ ಮೇಲೆ ಕಾಲಿಡುತ್ತಾನೆ, ಹಿಡಿಕೆ ಎದ್ದು ಮುಖಕ್ಕೆ ಬಡಿಯುತ್ತದೆ. ತಿರುಗಿದರೆ ಇನ್ನೊಂದು, ಮತ್ತೆ ಇನ್ನೊಂದು. ಒಟ್ಟು ಒಂಬತ್ತು ಸಲ. ಅದನ್ನು ನಗಲು ಯಾವ ಸಿನಿಮಾವೂ ಗೊತ್ತಿರಬೇಕಾಗಿಲ್ಲ. ಆ ಕಂತಿನ ಅವಧಿ ಕಡಿಮೆ ಬಿದ್ದಿತ್ತು, ಅದಕ್ಕೇ ಬರೆಯುವವರು ಆ ದೃಶ್ಯವನ್ನು ಎಳೆದು ಉದ್ದ ಮಾಡಿದರು. ಕೊನೆಗೆ ಬಾರ್ಟ್ ಸಾಯುವ ಮುಂಚಿನ ಆಸೆ ಅಂತ 'ಎಚ್‌ಎಂಎಸ್ ಪಿನಫೋರ್' ಪೂರ್ತಿ ಹಾಡು ಅಂತ ಬಾಬ್‌ಗೆ ಅನ್ನುತ್ತಾನೆ. ಅದು 1878ರ ಸಂಗೀತ ನಾಟಕ. ಮಕ್ಕಳಿಗೆ ಆ ಹೆಸರು ಗೊತ್ತಿಲ್ಲ. ಆದರೆ ಹಾಡುವ ಹುಚ್ಚಿನಲ್ಲಿ ಬಾಬ್ ಸಿಕ್ಕಿಬೀಳುತ್ತಾನೆ ಅನ್ನುವುದು ಅವರಿಗೆ ಪೂರ್ತಿ ಅರ್ಥವಾಗಿತ್ತು.

ಆವತ್ತಿನಿಂದ ನನ್ನ ಪದ್ಧತಿ ಬದಲಾಯಿತು. ಕಂತು ಒಮ್ಮೆ ಪೂರ್ತಿ ಓಡಲಿ. ನಡುವೆ ನಿಲ್ಲಿಸಬೇಡಿ. ಒಳ್ಳೆಯ ಅಣಕ ತನ್ನ ಕಾಲ ಮೇಲೆ ತಾನು ನಿಂತಿರುತ್ತದೆ, ಮೂಲ ಗೊತ್ತಿಲ್ಲದವನನ್ನೂ ಬಾಗಿಲಲ್ಲಿ ನಿಲ್ಲಿಸುವುದಿಲ್ಲ. ಮಗುವಿಗೆ ಕುತೂಹಲ ಹುಟ್ಟಿದ ಮೇಲೆ ಮೂಲದ ಕಡೆ ಹೋಗಿ. ಮೊದಲು ಅಣಕ, ಆಮೇಲೆ ಮೂಲ, ಆಮೇಲೆ ಮತ್ತೆ ಅಣಕ.

ನಾವು ಹೀಗೆ ಮಾಡಿದ್ದು 1994ರ 'ಬಾರ್ಟ್ ಆಫ್ ಡಾರ್ಕ್‌ನೆಸ್' ಕಂತಿಗೆ. ಬಾರ್ಟ್ ಕಾಲು ಮುರಿದುಕೊಂಡು ಕಿಟಕಿಯಲ್ಲಿ ಕೂರುತ್ತಾನೆ. ದುರ್ಬೀನಿನಲ್ಲಿ ನೋಡುತ್ತಾ, ಪಕ್ಕದ ಮನೆಯ ಫ್ಲಾಂಡರ್ಸ್ ಹೆಂಡತಿಯನ್ನು ಕೊಂದಿದ್ದಾನೆ ಅಂದುಕೊಳ್ಳುತ್ತಾನೆ. ವಾರದ ಮೇಲೆ ಇದರ ಮೂಲ, ನಿರ್ದೇಶಕ ಹಿಚ್‌ಕಾಕ್‌ನ 'ರಿಯರ್ ವಿಂಡೋ' ಹಾಕಿದೆ, 1954ರದ್ದು. ಹತ್ತು ನಿಮಿಷ ಆಗಿರಲಿಲ್ಲ, ಮೊಮ್ಮಗಳು ಕೂಗಿದಳು, "ಮುತ್ಯಾ, ಇದು ಬಾರ್ಟ್‌ನ ಕಿಟಕಿ!" ಎಪ್ಪತ್ತು ವರ್ಷ ಹಳೆಯ ಸಿನಿಮಾ, ಮಗು ಅಲ್ಲಾಡದೆ ಕೂತು ನೋಡಿತು. ನಾನು ಪಾಠ ಮಾಡಿ ತೋರಿಸಿದ್ದರೆ ನೋಡುತ್ತಿರಲಿಲ್ಲ, ಇದು ಖರೇ. ಮತ್ತೆ ಕಂತಿಗೆ ಬಂದೆವು. ಆಗ ಅವಳೇ ನನಗೆ ತೋರಿಸಿದಳು, ಸಿನಿಮಾದ ನಾಯಕನ ಹಾಗೇ ಇರುವ ಒಬ್ಬ ಎದುರು ಕಿಟಕಿಯಿಂದ ಬಾರ್ಟ್‌ನನ್ನೇ ನೋಡುತ್ತಿದ್ದಾನೆ. ಮೊದಲ ಸಲ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಎರಡು ಎಚ್ಚರಿಕೆ. 1993ರ 'ರೋಸ್‌ಬಡ್' ಕಂತಿನಲ್ಲಿ ಅಣುಸ್ಥಾವರದ ಮಾಲೀಕ, ಮುದುಕ ಬರ್ನ್ಸ್ ಚಿಕ್ಕಂದಿನ ಗೊಂಬೆ ಕರಡಿಗಾಗಿ ಹಂಬಲಿಸುತ್ತಾನೆ. ಅದರ ಮೂಲ 1941ರ 'ಸಿಟಿಜನ್ ಕೇನ್'. ಆ ಸಿನಿಮಾದ ಗುಟ್ಟು ಕೊನೆಯಲ್ಲಿದೆ. ಅಂತರ್ಜಾಲದಲ್ಲಿ ಈ ಕಂತಿನ ಬಗ್ಗೆ ಹುಡುಕಿದರೆ ಮೊದಲ ಸಾಲಿನಲ್ಲೇ ಗುಟ್ಟು ಒಡೆದಿರುತ್ತಾರೆ. ಮಗಳು ಮುಂದೆ ಆ ಸಿನಿಮಾ ನೋಡುವವಳಿದ್ದರೆ ಹುಡುಕಾಟ ನೀವು ಮಾಡಿ, ಅವಳ ಕೈಗೆ ಕೊಡಬೇಡಿ. ಎರಡನೆಯದು, ವರ್ಷಕ್ಕೊಂದು ದೆವ್ವದ ಕಂತು ಬರುತ್ತದಲ್ಲ, 1994ರ ಅಂಥ ಕಂತಿನಲ್ಲಿ ಬರುವ 'ದಿ ಶಿನ್ನಿಂಗ್'. ಅಣಕ ನೋಡಲಿ, ಅಡ್ಡಿಯಿಲ್ಲ. ಮೂಲವಾದ 1980ರ 'ದಿ ಶೈನಿಂಗ್' ಒಂಬತ್ತನೇ ಕ್ಲಾಸಿನ ಹುಡುಗಿಗೆ ಬೇಡ, ನಿಜವಾಗಿಯೂ ಹೆದರಿಸುತ್ತದೆ. ಆದರೆ ಹೆಸರಿನ ತಮಾಷೆ ಹೇಳಿಕೊಡಿ. ಬಾರ್ಟ್ "ಶೈನಿಂಗ್ ಅಲ್ವಾ?" ಅಂತ ಕೇಳಿದರೆ ಶಾಲೆಯ ತೋಟ ನೋಡಿಕೊಳ್ಳುವ ವಿಲ್ಲಿ "ಶ್, ಕೇಸ್ ಹಾಕಿಸಿಕೊಳ್ಳಬೇಕಾ?" ಅಂತ ಬಾಯಿ ಮುಚ್ಚಿಸುತ್ತಾನೆ. ಅಣಕ ಮಾಡುವವರು ಹೆಸರನ್ನು ಯಾಕೆ ತಿರುಚುತ್ತಾರೆ ಅನ್ನುವುದು ಆ ಒಂದು ಮಾತಿನಲ್ಲಿದೆ.

ಓದುವ ಹುಡುಗಿಯಾದರೆ 1990ರ ಮೊದಲ ದೆವ್ವದ ಕಂತು ತಪ್ಪಿಸಬೇಡಿ. ಅದರಲ್ಲಿ ಎಡ್ಗರ್ ಅಲನ್ ಪೋ 1845ರಲ್ಲಿ ಬರೆದ 'ದಿ ರೇವನ್' ಪದ್ಯವನ್ನು ಹೆಚ್ಚು ಕಡಿಮೆ ಹಾಗೆಯೇ ಓದಿಸುತ್ತಾರೆ. ಬಾರ್ಟ್‌ನ ಅಪ್ಪ ಹೋಮರ್ ಪದ್ಯದ ನಾಯಕ, ಬಾರ್ಟ್ ಕಪ್ಪು ಹಕ್ಕಿ. ನಾನು ಕ್ಲಾಸಿನಲ್ಲಿ ಎಷ್ಟೋ ವರ್ಷ ಆ ಪದ್ಯ ಹೇಳಿಕೊಟ್ಟಿದ್ದೇನೆ. ಆದರೆ ಮಕ್ಕಳ ಕಿವಿಗೆ ಅದರ ಲಯ ಹತ್ತಿದ್ದು ಆ ಕಂತಿನಿಂದ.

ಉತ್ತರ: ಯಾದಗಿರಿ, ಭೀಮಾ ದಂಡೆಯ ಹಳ್ಳಿಯವನು

ಸರ್ ಹೇಳಿದ್ದು ಸರಿ. ಆದರೆ ಒಂದು ಮಾತು ಸೇರಿಸುತ್ತೇನೆ. ನಡುವೆ ಹೇಳುವುದೇ ತಪ್ಪು ಅಂತಲ್ಲ, ಹೇಗೆ ಹೇಳುತ್ತೇವೆ ಅನ್ನುವುದು ಮುಖ್ಯ. ನಮ್ಮ ದೊಡ್ಡಾಟದಲ್ಲಿ ಸಾರಥಿ ಇರುತ್ತಾನಲ್ಲ. ರಾಜ ಬಂದು ಕುಣಿದು ನಿಲ್ಲುತ್ತಾನೆ. ಸಾರಥಿ, ತಾವು ಯಾರು, ಯಾವ ಊರು, ಇಲ್ಲಿಗೆ ಯಾಕೆ ಬಂದಿರಿ ಅಂತ ಕೇಳುತ್ತಾನೆ. ರಾಜನ ಬಾಯಿಂದಲೇ ಹೊರಗೆ ಬರುತ್ತದೆ. ಕೆಳಗೆ ಕೂತವರಿಗೆ ಕತೆಯೂ ತಿಳಿಯಿತು, ಆಟವೂ ನಿಲ್ಲಲಿಲ್ಲ. ನಾನು ಚಿಕ್ಕವನಿದ್ದಾಗ ಪುರಾಣ ಕಲಿತದ್ದು ಪುಸ್ತಕದಿಂದಲ್ಲ, ಸಾರಥಿಯ ಪ್ರಶ್ನೆಗಳಿಂದ.

ಮನೆಯಲ್ಲಿ ಮಗಳ ಜೊತೆ ನಾನು ಹಾಗೇ ಮಾಡುತ್ತೇನೆ. ಉತ್ತರ ಹೇಳುವುದಿಲ್ಲ, ಪ್ರಶ್ನೆ ಕೇಳುತ್ತೇನೆ. "ಈ ಸಂಗೀತ ಯಾಕೆ ಬದಲಾಯಿತು?" "ಇವನು ಯಾಕೆ ಹೀಗೆ ನಿಂತಿದ್ದಾನೆ?" ಅಷ್ಟೇ. ಅವಳು ಊಹೆ ಮಾಡುತ್ತಾಳೆ. ತಪ್ಪಾದರೂ ಪರವಾಗಿಲ್ಲ.

ಅಕ್ಕಾ, ಗ್ಯಾದರಿಂಗ್ ನಾಟಕಕ್ಕೂ ಸಾರಥಿಯನ್ನೇ ಇಟ್ಟುಕೊಳ್ಳಿ. ವೇದಿಕೆ ಮೇಲೆ ಯಾರನ್ನು ಅಣಕ ಮಾಡಿದರೂ ಸಾರಥಿ ಬಂದು "ತಾವು ಯಾರು?" ಅಂತ ಕೇಳಲಿ. ಗೊತ್ತಿದ್ದವರು ನಗುತ್ತಾರೆ, ಗೊತ್ತಿಲ್ಲದವರಿಗೂ ದಾರಿ ಸಿಗುತ್ತದೆ.

ಉತ್ತರ: ಕಲಬುರಗಿ, ಡಿಗ್ರಿ ಓದುವ ಹುಡುಗ

ಆಂಟಿ, ನಾಟಕದ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಪಿಯುಸಿಯಲ್ಲಿ ನಾವು ಒಂದು ಇಂಗ್ಲಿಷ್ ಸೂಪರ್‌ಹೀರೋ ಸಿನಿಮಾದ ಅಣಕ ಮಾಡಿದೆವು. ನಮಗೆ ಬಿದ್ದು ಬಿದ್ದು ನಗು. ಮುಂದೆ ಕೂತ ಪಾಲಕರು ಸುಮ್ನೆ ನೋಡುತ್ತಿದ್ದರು. ಒಂದೇ ಕಡೆ ಇಡೀ ಹಾಲ್ ನಕ್ಕಿತು. ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟ್ ದನಿಯಲ್ಲಿ ಗೆಳೆಯನೊಬ್ಬ "ಜೇವರ್ಗಿ, ಶಹಾಪುರ, ಸುರಪುರ ಮಾರ್ಗವಾಗಿ ಹೋಗುವ ಹೀರೋ ಪ್ಲಾಟ್‌ಫಾರ್ಮಿಗೆ ಬರುತ್ತಿದ್ದಾರೆ" ಅಂದಾಗ.

ನಮ್ಮ ಊರಲ್ಲಿ ಇದನ್ನು ಜಾಸ್ತಿ ಯೋಚಿಸಬೇಕು. ಒಂದೇ ಕ್ಲಾಸಿನಲ್ಲಿ ಕನ್ನಡದವರು, ದಖನಿ ಉರ್ದು ಮಾತಾಡುವವರು, ತೆಲುಗು, ಮರಾಠಿ ಮನೆಯವರು ಇರುತ್ತಾರೆ. ಒಬ್ಬರು ನೋಡಿದ ಸಿನಿಮಾ ಇನ್ನೊಬ್ಬರು ನೋಡಿರುವುದಿಲ್ಲ. ಆದರೆ ಪ್ರಾರ್ಥನೆ, ಪರೀಕ್ಷೆಯ ಸೂಚನೆ, ಕ್ರಿಕೆಟ್ ಕಾಮೆಂಟ್ರಿ, ಟಿವಿ ನ್ಯೂಸಿನ ದನಿ ಎಲ್ಲರಿಗೂ ಗೊತ್ತು. ಅಣಕಕ್ಕೆ ಅದನ್ನು ಆರಿಸಿ. ಸಿಂಪ್ಸನ್ಸ್‌ನವರು ಮಾಡಿದ್ದೂ ಅದನ್ನೇ ಅಲ್ವಾ? ಅವರ ಊರಿನ ಜನ ನೂರು ಸಲ ನೋಡಿದ್ದನ್ನೇ ತಿರುಚಿದರು.

ಉತ್ತರ: ಕಲಬುರಗಿಯವಳು, ಈಗ ಬೆಂಗಳೂರಿನಲ್ಲಿ ಕೆಲಸ

ಒಂದು ವಿಷಯ ಯಾರೂ ಹೇಳಲಿಲ್ಲ. ಈ ಶೋದಲ್ಲಿ ನಾವೂ ಇದ್ದೇವೆ. 2006ರಲ್ಲಿ 'ಕಿಸ್ ಕಿಸ್ ಬ್ಯಾಂಗ್ ಬ್ಯಾಂಗಲೋರ್' ಅನ್ನುವ ಕಂತು ಬಂತು. ಬರ್ನ್ಸ್ ತನ್ನ ಅಣುಸ್ಥಾವರದ ಕೆಲಸವನ್ನೆಲ್ಲ ಬೆಂಗಳೂರಿಗೆ ಕಳಿಸುತ್ತಾನೆ. ತರಬೇತಿ ಕೊಡಲು ಅಲ್ಲಿಯ ಕೆಲಸಗಾರ ಹೋಮರ್ ಬರುತ್ತಾನೆ, ಬಂದವನು ತಾನೇ ದೇವರು ಅಂದುಕೊಳ್ಳುತ್ತಾನೆ. ನಮ್ಮ ಆಫೀಸಿನವರು ಸೇರಿ ನೋಡಿದೆವು. ಕೆಲಸ ಹೊರದೇಶಕ್ಕೆ ಕಳಿಸುವ ಕಂಪನಿಗಳನ್ನು ಚುಚ್ಚಿದ ಜಾಗ ಬಹಳ ಚೆನ್ನಾಗಿದೆ. ಆದರೆ ಅಲ್ಲಿ ಕಂಡ ಊರು ನನ್ನ ಬೆಂಗಳೂರಲ್ಲ, ದೂರದಿಂದ ಊಹಿಸಿದ ಯಾವುದೋ ಇಂಡಿಯಾ. ಮಗಳಿಗೆ ಇದನ್ನು ತೋರಿಸಿ. ಬೇರೆಯವರ ಅಣಕ ನೋಡಿ ನಗುವುದು ಸುಲಭ. ಅದು ನಮ್ಮ ಮೇಲೆ ಬಂದಾಗ ಹೇಗಿರುತ್ತದೆ ಅಂತ ಅವಳಿಗೂ ತಿಳಿಯಲಿ.

ಶೋದಲ್ಲಿ ಅಂಗಡಿ ಇಟ್ಟಿರುವ ಭಾರತದ ಅಪು ಬಗ್ಗೆಯೂ ಮಾತಾಡಿ. ಆ ಹೆಸರು ಬಂದದ್ದು ಸತ್ಯಜಿತ್ ರಾಯ್ ಅವರ ಅಪು ಸಿನಿಮಾಗಳಿಂದ. ಮೊದಲನೆಯದು 1955ರ 'ಪಥೇರ್ ಪಾಂಚಾಲಿ'. ಹೆಸರಿನಲ್ಲಿ ಗೌರವ ಇತ್ತು. ದನಿಯಲ್ಲಿ ಇತ್ತಾ ಅನ್ನುವುದು ಬೇರೆ ಪ್ರಶ್ನೆ. ಅಮೆರಿಕದಲ್ಲಿ ಬೆಳೆದ ನಮ್ಮ ಮಕ್ಕಳನ್ನು ಶಾಲೆಯಲ್ಲಿ ಆ ದನಿಯಲ್ಲೇ ಕಾಡಿಸುತ್ತಿದ್ದರು. ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಇದರ ಮೇಲೆ ಸಾಕ್ಷ್ಯಚಿತ್ರವನ್ನೇ ಮಾಡಿದರು. ದನಿ ಕೊಡುತ್ತಿದ್ದ ಹ್ಯಾಂಕ್ ಅಜೇರಿಯಾ ಇನ್ನು ಮುಂದೆ ಆ ಪಾತ್ರಕ್ಕೆ ದನಿ ಕೊಡುವುದಿಲ್ಲ ಅಂತ 2020ರಲ್ಲಿ ಹೇಳಿದರು. ನಾಟಕದಲ್ಲಿ ಯಾರದಾದರೂ ಮಾತಿನ ಧಾಟಿಯನ್ನು ಅಣಕ ಮಾಡುವ ಮುಂಚೆ ಮಕ್ಕಳು ಇದನ್ನು ತಿಳಿದಿರಬೇಕು. ನಮ್ಮ ಕಲಬುರಗಿ ಮಾತನ್ನೇ ಬೆಂಗಳೂರಿನಲ್ಲಿ ಆಡಿ ತೋರಿಸಿ ನಗುವವರಿದ್ದಾರೆ. ನನಗೆ ಅದು ನೋವು ಕೊಟ್ಟಿದೆ.

ಕೇಳಿದವರು, ಎರಡು ವಾರದ ಮೇಲೆ

ಎಲ್ಲರಿಗೂ ಧನ್ಯವಾದ. ಬೀದರ್ ಸರ್, ನೀವು ಹೇಳಿದ ಹಾಗೇ ಮಾಡಿದೆವು. 1992ರ 'ಎ ಸ್ಟ್ರೀಟ್‌ಕಾರ್ ನೇಮ್ಡ್ ಮಾರ್ಜ್' ಕಂತನ್ನು ಒಮ್ಮೆಯೂ ನಿಲ್ಲಿಸದೆ ನೋಡಿದೆವು. ಶಿಶುವಿಹಾರದಲ್ಲಿ ಬಾರ್ಟ್‌ನ ಪುಟ್ಟ ತಂಗಿ ಮ್ಯಾಗಿ ತನ್ನ ಚೀಪುವ ನಿಪ್ಪಲ್ ವಾಪಸ್ ತರಲು ದೊಡ್ಡ ಕಾರ್ಯಾಚರಣೆ ಮಾಡುತ್ತಾಳೆ. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಕೊನೆಗೆ ಹೋಮರ್ ಕರೆದುಕೊಂಡು ಹೋಗಲು ಬಂದಾಗ ಎಲ್ಲ ಕಡೆ ಮಕ್ಕಳು ಸಾಲಾಗಿ ಕೂತು ಚೀಪುತ್ತಿರುತ್ತಾರೆ. ಯಾರೂ ಅಲ್ಲಾಡುವುದಿಲ್ಲ. ನನಗೆ ಮೈ ಜುಮ್ ಅಂದಿತು. ಯಾದಗಿರಿ ಅಣ್ಣ ಹೇಳಿದ ಹಾಗೆ ಒಂದೇ ಪ್ರಶ್ನೆ ಕೇಳಿದೆ, "ಇವರು ಯಾವುದರ ಹಾಗೆ ಕೂತಿದ್ದಾರೆ?" ಮಗಳು ಸ್ವಲ್ಪ ಹೊತ್ತು ಬಿಟ್ಟು "ಕರೆಂಟ್ ವೈರ್ ಮೇಲಿನ ಕಾಗೆಗಳ ಹಾಗೆ" ಅಂದಳು. ನೋಟ್‌ಬುಕ್ಕಿನಲ್ಲಿ ಅದನ್ನೇ ಬರೆದುಕೊಂಡಳು. ಭಾನುವಾರ ಹುಡುಕಿದರೆ ಹಿಚ್‌ಕಾಕ್ ಮಾಡಿದ 1963ರ 'ದಿ ಬರ್ಡ್ಸ್' ಸಿನಿಮಾ ಸಿಕ್ಕಿತು. ಕಂತಿನ ಆ ದೃಶ್ಯದಲ್ಲಿ ಹಿಂದೆ ನಾಯಿ ಹಿಡಿದುಕೊಂಡು ನಡೆದು ಹೋಗುವ ದಪ್ಪ ಮನುಷ್ಯ ಸ್ವತಃ ಹಿಚ್‌ಕಾಕ್ ಅಂತೆ. ಅವಳ ಊಹೆ ಸರಿಯಾಗಿತ್ತಲ್ಲ, ಇಡೀ ದಿನ ಅದನ್ನೇ ಮನೆ ತುಂಬಾ ಹೇಳಿಕೊಂಡು ಓಡಾಡಿದಳು.

ನಾಟಕಕ್ಕೆ ಸಾರಥಿ ಗಟ್ಟಿಯಾಯಿತು. ಬಸ್ ಸ್ಟ್ಯಾಂಡಿನ ದನಿಯೂ ಇದೆ. ಯಾರ ಮಾತಿನ ಧಾಟಿಯನ್ನೂ ಆಡಿಕೊಳ್ಳಬಾರದು ಅಂತ ಹುಡುಗಿಯರೇ ಸೇರಿ ತೀರ್ಮಾನ ಮಾಡಿದರು. ಸಾರಥಿಯ ಪಾತ್ರ ನನ್ನ ಮಗಳದ್ದು. ಈಗ ಒಂದು ಹಳೆಯ ರುಮಾಲು ಬೇಕಾಗಿದೆ, ಅದನ್ನು ಸುತ್ತಲು ಗೊತ್ತಿರುವವರೂ ಬೇಕು. ಕಲಬುರಗಿಯಲ್ಲಿ ಯಾರಾದರೂ ಇದ್ದರೆ ತಿಳಿಸಿ.